ಡಾಲರಿನ ತವರೂರು

ರೂಪಾಯಿ ಅನ್ನುವ ಹೆಸರು ಬಂದದ್ದು ಬೆಳ್ಳಿಯಿಂದ. ಸಂಸ್ಕೃತದಲ್ಲಿ ರೂಪ್ಯ ಅಂದರೆ ಬೆಳ್ಳಿ. ಹದಿನಾರನೇ ಶತಮಾನದಲ್ಲಿ ಶೇರ್ ಶಾ ಸೂರಿ ಹೊರಡಿಸಿದ ಬೆಳ್ಳಿ ನಾಣ್ಯಕ್ಕೆ ಆ ಹೆಸರೇ ನಿಂತುಬಿಟ್ಟಿತು. ಇವತ್ತಿನ ರೂಪಾಯಿಯಲ್ಲಿ ಬೆಳ್ಳಿ ಹುಡುಕಿದರೂ ಸಿಗದು, ಹೆಸರು ಮಾತ್ರ ಉಳಿದಿದೆ.

ಹಾಗಾದರೆ ಡಾಲರ್? ಅದು ಲೋಹದ ಹೆಸರಲ್ಲ, ರಾಜನ ಹೆಸರೂ ಅಲ್ಲ. ಅದೊಂದು ಊರಿನ ಹೆಸರು, ಅದೂ ಅರ್ಧ ಮಾತ್ರ! ಆ ಊರು ಅಮೆರಿಕದಲ್ಲಿಲ್ಲ, ಇಂದಿನ ಝೆಕ್ ಗಣರಾಜ್ಯದಲ್ಲಿ, ಜರ್ಮನಿಯ ಗಡಿಗೆ ಅಂಟಿಕೊಂಡಿರುವ ಬೆಟ್ಟಸಾಲಿನಲ್ಲಿದೆ. ಝೆಕ್ ಭಾಷೆಯಲ್ಲಿ ಯಾಖಿಮೊವ್. ಹಳೆಯ ಜರ್ಮನ್ ಹೆಸರು ಯೋಆಖಿಮ್‌ಸ್ತಾಲ್, ಅಂದರೆ ಸಂತ ಯೋಆಖಿಮನ ಕಣಿವೆ. ಯೇಸುವಿನ ತಾಯಿ ಮರಿಯಳ ತಂದೆ ಈ ಯೋಆಖಿಮ. 'ತಾಲ್' ಅಂದರೆ ಕಣಿವೆ.

ಅಲ್ಲಿ ಒಳ್ಳೆಯ ಬೆಳ್ಳಿ ಅದಿರು ಸಿಕ್ಕಿದ್ದೇ ತಡ, 1516ರಲ್ಲಿ ಆ ಜಾಗದ ಒಡೆಯ ಸ್ಟೆಫನ್ ಶ್ಲಿಕ್ ಊರು ಕಟ್ಟಿಸಿದ. ಸುತ್ತಲ ಸೀಮೆಯಿಂದ ಗಣಿ ಕೆಲಸದವರು ಗುಂಪು ಗುಂಪಾಗಿ ಬಂದರು. ಇಪ್ಪತ್ತು ವರ್ಷ ತುಂಬುವ ಮೊದಲೇ ಬೊಹೀಮಿಯಾದಲ್ಲಿ ಪ್ರಾಗ್ ಬಿಟ್ಟರೆ ಅದೇ ದೊಡ್ಡ ಊರಾಯಿತು. ಅದಿರನ್ನು ಅಲ್ಲೇ ಕರಗಿಸಿ, ಅಲ್ಲೇ ಟಂಕಸಾಲೆಯಲ್ಲಿ ಒತ್ತಿ, ಸಂತನ ಚಿತ್ರವಿದ್ದ ದಪ್ಪ ಬೆಳ್ಳಿ ನಾಣ್ಯ ಹೊರಡಿಸಿದರು. ಜನ ಅದನ್ನು 'ಯೋಆಖಿಮ್‌ಸ್ತಾಲರ್' ಅಂದರು. ಇಷ್ಟುದ್ದದ ಹೆಸರು ಹೇಳಿ ವ್ಯಾಪಾರ ಮಾಡುವುದು ಯಾರಿಗೆ ಬೇಕು? ಮುಂದಿನದನ್ನು ಬಿಟ್ಟು ಬರೀ 'ತಾಲರ್' ಅಂದರು. ಡಚ್ಚರ ಬಾಯಲ್ಲಿ ಅದು 'ಡಾಲ್ಡರ್' ಆಯಿತು, ಇಂಗ್ಲಿಷರ ಬಾಯಲ್ಲಿ 'ಡಾಲರ್'. ಆಮೇಲೆ ಮೆಕ್ಸಿಕೋ ಮತ್ತು ಪೊಟೊಸಿಯ ಬೆಳ್ಳಿಯಲ್ಲಿ ಸ್ಪೇನಿನವರು ಒತ್ತಿದ ಎಂಟು ರಿಯಾಲಿನ ನಾಣ್ಯವನ್ನೂ ಇಂಗ್ಲಿಷರು ಡಾಲರ್ ಅಂತಲೇ ಕರೆದರು. 1792ರಲ್ಲಿ ಅಮೆರಿಕ ತನ್ನ ನಾಣ್ಯದ ಕಾನೂನು ಮಾಡಿದಾಗ ಈ ಹೆಸರನ್ನೇ ಇಟ್ಟುಕೊಂಡಿತು.

ತಾಲರ್ ವಂಶ ನಮ್ಮ ಕಡೆಗೂ ಬಂದಿದೆ. ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ತಾಲರ್, ಅವಳು ತೀರಿಕೊಂಡ 1780ರ ಇಸವಿಯನ್ನೇ ಹೊತ್ತು, ಅರಬ್ ನಾಡಿನಲ್ಲೂ ಇಥಿಯೋಪಿಯಾದಲ್ಲೂ ಬಹುಕಾಲ ಚಲಾವಣೆಯಲ್ಲಿತ್ತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940-41ರಲ್ಲಿ, ಅದನ್ನು ಮುಂಬಯಿಯ ಟಂಕಸಾಲೆಯಲ್ಲೂ ಒತ್ತಿದರು.

ಹೆಸರಿನ ಕಥೆ ಇಷ್ಟು. ಆದರೆ ಬೆಳ್ಳಿ ಅಗೆದವರ ಕಥೆ ಏನು?

1527ರಲ್ಲಿ ಈ ಊರಿಗೊಬ್ಬ ವೈದ್ಯ ಬಂದ. ಹೆಸರು ಗೇಯೋರ್ಗ್ ಬೌವರ್. ಬೌವರ್ ಅಂದರೆ ರೈತ. ಆ ಕಾಲದ ವಿದ್ವಾಂಸರ ಹಾಗೆ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿ ಅಗ್ರಿಕೋಲ ಆದ. ರೋಗಿಗಳನ್ನು ನೋಡಿ ಮಿಕ್ಕ ಹೊತ್ತನ್ನೆಲ್ಲ ಗಣಿಗಳಲ್ಲಿ, ಕುಲುಮೆಗಳ ಪಕ್ಕದಲ್ಲಿ ಕಳೆಯುತ್ತಿದ್ದ. ಅವನ 'ದೆ ರೆ ಮೆತಾಲಿಕ' ಅಚ್ಚಾಗಿದ್ದು ಅವನು ಸತ್ತ ಮರುವರ್ಷ, 1556ರಲ್ಲಿ. ಅದಿರಿನ ಜಾಡು ಹಿಡಿಯುವುದು, ಗಣಿಯ ನೀರನ್ನು ನೀರುಚಕ್ರದಿಂದ ಎತ್ತಿ ಹಾಕುವುದು, ಸೀಸದಿಂದ ಬೆಳ್ಳಿ ಬೇರ್ಪಡಿಸುವುದು - ಎಲ್ಲವೂ ಚಿತ್ರ ಸಮೇತ ಅದರಲ್ಲಿದೆ. ಇನ್ನೂರು ವರ್ಷ ಗಣಿಯವರಿಗೆ ಅದೇ ಕೈಪಿಡಿ. 1912ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ಗಣಿ ಎಂಜಿನಿಯರ್ ಹರ್ಬರ್ಟ್ ಹೂವರ್ ಮತ್ತು ಅವರ ಹೆಂಡತಿ ಲೂ. ಮುಂದೆ ಇದೇ ಹೂವರ್ ಡಾಲರಿನ ದೇಶಕ್ಕೆ ಅಧ್ಯಕ್ಷರಾದರು!

ಅದೇ ಪುಸ್ತಕದಲ್ಲಿ ಅಗ್ರಿಕೋಲ ಇನ್ನೊಂದು ಸಂಗತಿಯನ್ನೂ ಬರೆದಿಟ್ಟಿದ್ದಾನೆ. ಗಣಿಯ ಧೂಳು ಶ್ವಾಸಕೋಶವನ್ನು ತಿಂದುಹಾಕುತ್ತದೆ, ಕಾರ್ಪೇಥಿಯನ್ ಬೆಟ್ಟಗಳ ಗಣಿಗಳಲ್ಲಿ ಏಳೇಳು ಗಂಡಂದಿರನ್ನು ಈ ರೋಗಕ್ಕೆ ಕಳೆದುಕೊಂಡ ಹೆಂಗಸರಿದ್ದಾರೆ ಅಂತ. ಧೂಳು ಒಳಗೆ ಹೋಗದಂತೆ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಅಂತಲೂ ಹೇಳಿದ. ಆದರೆ ಕೊಲ್ಲುತ್ತಿದ್ದದ್ದು ಬರೀ ಧೂಳಲ್ಲ ಅನ್ನುವುದು ಅವನಿಗೆ ತಿಳಿಯುವಂತಿರಲಿಲ್ಲ.

ಆ ಗಣಿಗಳಲ್ಲಿ ಬೆಳ್ಳಿಯ ಜೊತೆಗೆ ಡಾಂಬರಿನಂತೆ ಕಪ್ಪಗೆ ಹೊಳೆಯುವ, ಬಹಳ ಭಾರದ ಕಲ್ಲೊಂದು ಸಿಗುತ್ತಿತ್ತು. ಅದು ಕಂಡಿತೆಂದರೆ ಬೆಳ್ಳಿ ಮುಗಿಯುತ್ತಾ ಬಂತು ಅಂತ ಲೆಕ್ಕ. ಅದಕ್ಕೆ ಅವರಿಟ್ಟ ಹೆಸರು ಪಿಚ್‌ಬ್ಲೆಂಡ್. ಜರ್ಮನ್ನಿನ 'ಪೆಖ್' ಪದಕ್ಕೆ ಡಾಂಬರು ಅನ್ನುವ ಅರ್ಥವೂ ಇದೆ, ದುರದೃಷ್ಟ ಅನ್ನುವ ಅರ್ಥವೂ ಇದೆ. ಕೆಲಸಕ್ಕೆ ಬಾರದ ಕಲ್ಲು ಅಂತ ಎಸೆದರು. ಹದಿನಾರನೇ ಶತಮಾನ ಮುಗಿಯುವ ಹೊತ್ತಿಗೆ ಮೇಲಿನ ಬೆಳ್ಳಿ ಖಾಲಿಯಾಗಿತ್ತು, ಅಮೆರಿಕದಿಂದ ಹಡಗುಗಟ್ಟಲೆ ಬೆಳ್ಳಿ ಯುರೋಪಿಗೆ ಬರುತ್ತಿತ್ತು. ಊರು ಸೊರಗಿತು.

1789ರಲ್ಲಿ ಕ್ಲಾಪ್ರೋತ್ ಅನ್ನುವ ರಸಾಯನಶಾಸ್ತ್ರಜ್ಞ ಪಿಚ್‌ಬ್ಲೆಂಡಿನಲ್ಲಿ ಯುರೇನಿಯಂ ಕಂಡುಹಿಡಿದ. ಗಾಜಿಗೆ ಹಳದಿ-ಹಸಿರು ಬಣ್ಣ ಕೊಡಲು ಅದು ಬೇಕಾಯಿತು, ಯಾಖಿಮೊವ್‌ನಲ್ಲಿ ಬಣ್ಣದ ಕಾರ್ಖಾನೆಯೇ ಎದ್ದಿತು. ಆ ಕಾರ್ಖಾನೆ ಹೊರಗೆ ಸುರಿದಿದ್ದ ಕಸವನ್ನೇ ಮೇರಿ ಮತ್ತು ಪಿಯರ್ ಕ್ಯೂರಿ ಪ್ಯಾರಿಸ್ಸಿಗೆ ಟನ್ನುಗಟ್ಟಲೆ ತರಿಸಿಕೊಂಡರು. 1898ರಲ್ಲಿ ರೇಡಿಯಂ ಇದೆ ಅಂತ ಸಾರಿದ್ದ ಅವರಿಗೆ, 1902ರ ಹೊತ್ತಿಗೆ ಆ ರಾಶಿಯಿಂದ ಕೈಗೆ ಬಂದ ರೇಡಿಯಂ ಲವಣ ಒಂದು ಗ್ರಾಮಿನ ಹತ್ತರಲ್ಲೊಂದು ಪಾಲು!

ಈಗ ಗಣಿಯವರ ರೋಗಕ್ಕೂ ಅರ್ಥ ಸಿಕ್ಕಿತು. ಯುರೇನಿಯಂ ಕ್ಷಯಿಸುತ್ತಾ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಸುರಂಗದಲ್ಲಿ ಉಸಿರಿನ ಜೊತೆ ಒಳಹೋಗಿ ಶ್ವಾಸಕೋಶದಲ್ಲಿ ವಿಕಿರಣದ ಕಣಗಳನ್ನು ಉಳಿಸುತ್ತದೆ. ಅದೇ ಬೆಟ್ಟಸಾಲಿನ ಜರ್ಮನ್ ಭಾಗದ ಶ್ನೇಬೆರ್ಗ್‌ನಲ್ಲಿ, ಗಣಿಯವರ ರೋಗ ಶ್ವಾಸಕೋಶದ ಗೆಡ್ಡೆ ಅಂತ 1879ರಲ್ಲೇ ಇಬ್ಬರು ವೈದ್ಯರು ತೋರಿಸಿದ್ದರು. 1930ರ ದಶಕದ ಹೊತ್ತಿಗೆ ಯಾಖಿಮೊವ್‌ನಲ್ಲೂ ಅದೇ ಕ್ಯಾನ್ಸರ್ ಅನ್ನುವುದು ಖಚಿತವಾಗಿತ್ತು.

ತಿಳಿದ ಮೇಲೆ ಏನಾಯಿತು ಕೇಳಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಒಕ್ಕೂಟಕ್ಕೆ ಬಾಂಬಿಗಾಗಿ ಯುರೇನಿಯಂ ಬೇಕಿತ್ತು. 1949ರಿಂದ ಝೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ಸರಕಾರ ತನಗಾಗದ ಸಾವಿರಾರು ಜನರನ್ನು ರಾಜಕೀಯ ಕೈದಿಗಳಾಗಿ ಇದೇ ಗಣಿಗಳಿಗೆ ಇಳಿಸಿತು. ಅಗ್ರಿಕೋಲ ಹೇಳಿದ ಮುಖದ ಬಟ್ಟೆಯಷ್ಟು ಕಾಳಜಿಯೂ ಅವರ ಪಾಲಿಗಿರಲಿಲ್ಲ. ಅವನಿಗಾದರೂ ಕಾರಣ ತಿಳಿದಿರಲಿಲ್ಲ, ಇವರಿಗೆ ಎಲ್ಲ ಗೊತ್ತಿತ್ತು. ಶಿಬಿರಗಳು ಮುಚ್ಚಿದ್ದು 1961ರಲ್ಲಿ, ಯುರೇನಿಯಂ ಅಗೆತ ನಿಂತದ್ದು 1964ರಲ್ಲಿ.

ಇಂದು ಅದು ಮೂರು ಸಾವಿರ ಜನರೂ ಇಲ್ಲದ ಸಣ್ಣ ಊರು. 1518ರ ಒಂದು ಗಣಿಯಿಂದ ಈಗಲೂ ರೇಡಾನ್ ನೀರು ಬರುತ್ತದೆ, ಕೀಲುನೋವಿನವರು ಅದರಲ್ಲಿ ಸ್ನಾನ ಮಾಡಲು ಹೋಗುತ್ತಾರೆ. 2019ರಲ್ಲಿ ಆ ಬೆಟ್ಟಸಾಲಿನ ಗಣಿಸೀಮೆಯನ್ನು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಡಾಲರ್ ಏರಿತು, ಇಳಿಯಿತು ಅನ್ನುವುದನ್ನು ಪತ್ರಿಕೆಗಳು ದಿನಾ ಹೇಳುತ್ತವೆ. ಆ ಹೆಸರು ಹುಟ್ಟಿದ ಕಣಿವೆಯಲ್ಲಿ ನಾಣ್ಯದ ತೂಕ, ಬೆಳ್ಳಿಯ ಶುದ್ಧತೆ, ಒಡೆಯನ ಪಾಲು, ಎಲ್ಲಕ್ಕೂ ಮೊದಲ ದಿನದಿಂದ ಲೆಕ್ಕ ಇಟ್ಟಿದ್ದರು. ಅಗೆದವರ ಉಸಿರಿನ ಲೆಕ್ಕ ಹಾಕಲು ಮಾತ್ರ ನಾನೂರು ವರ್ಷ ಬೇಕಾಯಿತು, ಹಾಕಿದ ಮೇಲೂ ಅದನ್ನು ಯಾರೂ ಓದಲಿಲ್ಲ.