ಮುದ್ರೆಯಿಲ್ಲದ ಬಿಸಲೆ

ಕೈಯಲ್ಲಿ ಮಾಡಿದ ಹಳೆಯ ಮಣ್ಣಿನ ಬಟ್ಟಲುಗಳನ್ನು ಸಂಗ್ರಹಿಸುವವರು ಮೊದಲು ಮಗುಚಿ ನೋಡುವುದು ಅದರ ಅಡಿಯನ್ನು. ಮಾಡಿದವನ ಮುದ್ರೆ ಅಲ್ಲಿದ್ದರೆ ಬೆಲೆ, ಇಲ್ಲದಿದ್ದರೆ ಅನುಮಾನ. 1920ರಲ್ಲಿ ಬರ್ನಾರ್ಡ್ ಲೀಚ್ ಮತ್ತು ಶೋಜಿ ಹಮಾದ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ತೆರೆದ ಕಾರ್ಯಾಗಾರದ ಬಟ್ಟಲುಗಳನ್ನು ಹೀಗೆಯೇ ಗುರುತಿಸುತ್ತಾರೆ. ಈ ಅಳತೆಗೋಲನ್ನು ಕಾಸರಗೋಡಿನ ಶಿರಿಯ ಹೊಳೆಯ ದಡಕ್ಕೆ ತಂದರೆ ಕೈಗೆ ಏನೂ ಹತ್ತುವುದಿಲ್ಲ. ಮುದ್ರೆ ಹಾಗಿರಲಿ, ನೂರು ವರ್ಷ ಹಳೆಯ ಅಡುಗೆ ಮಡಕೆ ಮನೆಗಳಲ್ಲಿ ಸಿಗುವುದೇ ಅಪರೂಪ. ಇದನ್ನು ಕಂಡು ಇಲ್ಲಿ ಸಂಗ್ರಹಯೋಗ್ಯ ಕಸುಬೇ ಇರಲಿಲ್ಲ ಎಂದುಕೊಳ್ಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಡಕೆ ಉಳಿಯದೆ ಹೋದದ್ದು ಕಸುಬಿನ ಬಡತನದಿಂದಲ್ಲ, ಆಚಾರದಿಂದ.

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡದ ಭಾಗವೇ ಆಗಿತ್ತು. ಆಮೇಲೆ ಅದು ಕೇರಳಕ್ಕೆ ಸೇರಿದರೂ ಅಡುಗೆಮನೆಯ ರೀತಿನೀತಿಗೆ ಗಡಿ ಬೀಳಲಿಲ್ಲ. ಸಾವಿನ ಸೂತಕ ಕಳೆದಾಗ, ಕೆಲವು ಮನೆಗಳಲ್ಲಿ ಗ್ರಹಣ ಬಿಟ್ಟಾಗಲೂ, ಕಂಚು ತಾಮ್ರದ ಪಾತ್ರೆಗಳನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ ಒಳಗಿಡುತ್ತಿದ್ದರು. ಮಣ್ಣು ಹೀರಿಕೊಂಡದ್ದನ್ನು ತೊಳೆದು ತೆಗೆಯಲಾಗದು ಎಂಬ ನಂಬಿಕೆಯಿಂದ ಮಡಕೆಯನ್ನು ಮಾತ್ರ ಹೊರಗೆಸೆದು ಹೊಸದು ತರುತ್ತಿದ್ದರು. ಅಜ್ಜಿಯ ಕಂಚಿನ ಬಟ್ಟಲು ಮೊಮ್ಮಗಳಿಗೆ ಸಿಕ್ಕಿತು, ಮೀನುಸಾರು ಮಾಡುವ ಮಣ್ಣಿನ ಮಡಕೆ, ಬಿಸಲೆ, ಸಿಗಲಿಲ್ಲ. ಉಜಿರೆ ಬಳಿಯ ಸೂರ್ಯ ಎಂಬಲ್ಲಿನ ದೇವಸ್ಥಾನದ ಹರಕೆ ಬನದಲ್ಲೂ ಭಕ್ತರು ಒಪ್ಪಿಸಿದ ಮಣ್ಣಿನ ಗೊಂಬೆಗಳು ಅಲ್ಲೇ ರಾಶಿ ಬೀಳುತ್ತವೆ, ಯಾರೂ ಮನೆಗೆ ತರುವುದಿಲ್ಲ. ಮಣ್ಣಿನದ್ದನ್ನು ಬಿಟ್ಟುಕೊಡುವುದೇ ಇಲ್ಲಿನ ವಾಡಿಕೆ. ಮೂಲ್ಯ, ಕುಲಾಲ ಕುಂಬಾರರ ಮನೆಗಳ ಚಕ್ರ ಬಿಡುವಿಲ್ಲದೆ ತಿರುಗಿದ್ದಕ್ಕೂ ಇದೊಂದು ಕಾರಣ.

ಮುದ್ರೆಯ ಪಾತ್ರೆಯಲ್ಲಿ ಕಲಾವಿದನ ಉದ್ದೇಶವಿದೆ, ಊರ ಮಡಕೆಯಲ್ಲಿ ಬರೀ ರೂಢಿ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಕ್ಯೋಟೋದ ದೈತೊಕು-ಜಿ ಮಂದಿರದಲ್ಲಿರುವ ಕಿಜಾಯೆಮಾನ್ ಬಟ್ಟಲು ಕೊರಿಯಾದಲ್ಲಿ ದಿನಬಳಕೆಗೆಂದು ಮಾಡಿದ್ದು, ಮಾಡಿದವನ ಹೆಸರಿಲ್ಲ. ಇಂದು ಅದು ಜಪಾನಿನ ರಾಷ್ಟ್ರೀಯ ಸಂಪತ್ತು. ಬಿಸಲೆಯನ್ನೇ ಬೆಳಕಿಗೆ ಹಿಡಿದು ನೋಡಿ. ಕಂಠದ ಸುತ್ತ ಚಕ್ರದ ಮೇಲೆ ಬೆರಳು ಎಳೆದ ಸಣ್ಣ ಗೆರೆಗಳು. ಕೆಳಗೆ ಹೋದಂತೆ ಅವು ಮಾಯವಾಗಿ, ಒಳಗೆ ಗುಂಡುಕಲ್ಲು ಒತ್ತಿ ಹೊರಗಿನಿಂದ ಹಲಗೆಯಲ್ಲಿ ಬಡಿದ ಚಪ್ಪಟೆ ಗುರುತುಗಳು. ಅರೆ ಒಣಗಿದ ಮಣ್ಣನ್ನು ಬಡಿದು ಬಡಿದೇ ತೆಳುವಾದ ದುಂಡು ತಳ ಕೂಡಿಸಬೇಕು. ಆ ತೆಳುವಿನಿಂದಲೇ ಅದು ಬೆಂಕಿಯನ್ನು ತಾಳುತ್ತದೆ. ಚಕ್ರ ಗಂಡಸಿನದ್ದು, ಬಡಿತ ಹಲವೆಡೆ ಹೆಂಗಸಿನದ್ದು. ಇಬ್ಬರ ಕೆಲಸಕ್ಕೆ ಒಬ್ಬರ ಮುದ್ರೆ ಹೇಗೆ ಒಪ್ಪೀತು?

ಒಡೆಯಲೆಂದೇ ಹುಟ್ಟಿದ್ದನ್ನು ಕಪಾಟಿನಲ್ಲಿಡುವುದು ಅದಕ್ಕೆ ಮಾಡುವ ಅನ್ಯಾಯ ಎಂದೂ ವಾದಿಸಬಹುದು. ಒಡೆದರೆ ಇನ್ನೊಂದು ಬರುತ್ತಿದ್ದ ಕಾಲಕ್ಕೆ ಆ ಮಾತು ಸರಿ. ಆದರೆ 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಕುಂಬಾರರ ಕೈಹೆಂಚು ಮಾಡುಗಳಿಂದ ಕ್ರಮೇಣ ಇಳಿಯಿತು. ಅಲ್ಯುಮಿನಿಯಂ, ಸ್ಟೀಲು ಒಲೆಯ ಮೇಲಿನ ಜಾಗವನ್ನೂ ಹಿಡಿದವು. ಹಾಗಾಗಿ ಈಗ ಸಂಗ್ರಹ ಬೇಕೇ ಬೇಕು. ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯ ದಿನಬಳಕೆಯ ವಸ್ತುಗಳಿಗೂ ಮರ್ಯಾದೆಯ ಜಾಗವಿದೆ ಎಂದು ತೋರಿಸಿದೆ. ಖಾಸಗಿ ಸಂಗ್ರಾಹಕರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬಹುದು: ಇಂದೂ ಚಕ್ರ ತಿರುಗಿಸುವ ಮನೆಗೆ ಹೋಗಿ ಎರಡು ಬಿಸಲೆ ಕೊಂಡು, ಒಂದನ್ನು ಒಲೆಗೇರಿಸಿ, ಇನ್ನೊಂದರ ಜತೆ ಮಣ್ಣು ತೆಗೆದ ಗದ್ದೆ, ಸುಟ್ಟ ತಿಂಗಳು, ತಿರುಗಿಸಿದವರು ಮತ್ತು ಬಡಿದವರು ಒಪ್ಪಿದರೆ ಇಬ್ಬರ ಹೆಸರನ್ನೂ ಬರೆದಿಡಬಹುದು.