ಕಿರುಸಾಲ: ವಾಣಿಜ್ಯ ಸ್ವರೂಪ ಮತ್ತು ಬಡಕುಟುಂಬಗಳು

ಅಡವಿಡಲು ಆಸ್ತಿಯಿಲ್ಲದ ಕುಟುಂಬಗಳಿಗೆ, ಸಾಮಾನ್ಯವಾಗಿ ಸ್ತ್ರೀಯರ ಗುಂಪಿನ ಪರಸ್ಪರ ಜಾಮೀನಿನ ಮೇಲೆ, ಲಾಭೋದ್ದೇಶದ ಸಂಸ್ಥೆಗಳು ನೀಡಿ ವಾರದ ಅಥವಾ ತಿಂಗಳ ಕಂತುಗಳಲ್ಲಿ ವಸೂಲು ಮಾಡುವ ಅಲ್ಪಮೊತ್ತದ ಸಾಲ; ಜನರ ಮಾತಿನಲ್ಲಿ ಸಂಘದ ಸಾಲ.

ಇತಿಹಾಸ: 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಸಹಕಾರಿ ಪತ್ತಿನ ಸಂಘದಲ್ಲಿ ಸಾಲಗಾರನೇ ಸಂಘದ ಒಡೆಯನೂ ಆಗಿದ್ದನು. 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಪೋಷಿಸಿದ, 1992ರಿಂದ ನಬಾರ್ಡ್ ಬ್ಯಾಂಕುಗಳೊಡನೆ ಜೋಡಿಸಿದ ಸ್ವಸಹಾಯ ಗುಂಪುಗಳಲ್ಲಿ ಉಳಿತಾಯ ಮೊದಲು, ಸಾಲ ಅನಂತರ. ವಾಣಿಜ್ಯ ಕಿರುಸಾಲವು ಗುಂಪಿನ ಕಟ್ಟುಪಾಡನ್ನು ಉಳಿಸಿಕೊಂಡು ಒಡೆತನವನ್ನು ಬಂಡವಾಳಗಾರರಿಗೆ ವರ್ಗಾಯಿಸಿತು. 2010ರ ಆಂಧ್ರದ ಕಿರುಸಾಲ ಬಿಕ್ಕಟ್ಟಿನ ತರುವಾಯ, ಮಾಲೇಗಾಂ ಸಮಿತಿಯ ಶಿಫಾರಸಿನ ಮೇರೆಗೆ, 2011ರಲ್ಲಿ ರಿಸರ್ವ್ ಬ್ಯಾಂಕು ಇಂತಹ ಸಂಸ್ಥೆಗಳಿಗಾಗಿ ಪ್ರತ್ಯೇಕ ವರ್ಗವನ್ನು ರಚಿಸಿತು.

ಬಡ್ಡಿಯ ಲೆಕ್ಕ: 10,000 ರೂಪಾಯಿಗೆ ವರ್ಷಕ್ಕೆ ಶೇ. 12ರಂತೆ ಅಸಲಿನ ಮೇಲೆ 1,200 ರೂಪಾಯಿ ಬಡ್ಡಿ ಕಟ್ಟಿ, ಒಟ್ಟು ಮೊತ್ತವನ್ನು 52 ವಾರಗಳಿಗೆ ಹಂಚಿದರೆ ಕಂತು ಸುಮಾರು 215 ರೂಪಾಯಿಯಾಗುವುದು. ವಾರವಾರವೂ ಅಸಲು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ಣ ಮೊತ್ತದ ಮೇಲೆಯೇ ನಿಲ್ಲುವುದರಿಂದ, ಇಳಿಕೆ ಬಾಕಿಯ ರೀತಿಯಲ್ಲಿ ಎಣಿಸಿದಾಗ ನಿಜವಾದ ದರ ಶೇ. 22ನ್ನು ಮೀರುತ್ತದೆ. ಸೇವಾಶುಲ್ಕ, ವಿಮೆಗಳ ಮುಂಗಡ ಕಡಿತವಿದ್ದಲ್ಲಿ ಅದು ಇನ್ನೂ ಹೆಚ್ಚು.

ಪರಿಣಾಮ: ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಹೈದರಾಬಾದಿನ 104 ಬಡ ಬಡಾವಣೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಳಿಕೆಯ ವಸ್ತುಗಳ ಖರೀದಿ ಹೆಚ್ಚಿತಾದರೂ ಕುಟುಂಬದ ಸರಾಸರಿ ಅನುಭೋಗವಾಗಲಿ ಸ್ತ್ರೀಯರ ಸ್ವಾತಂತ್ರ್ಯವಾಗಲಿ ಗಮನಾರ್ಹವಾಗಿ ವೃದ್ಧಿಸಲಿಲ್ಲ. ನಗರದ ಈ ಫಲಿತಾಂಶವನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಒಣಬೇಸಾಯದ ಸೀಮೆಗೆ ಯಥಾವತ್ತಾಗಿ ಅನ್ವಯಿಸಲಾಗದು. ಈ ಭೂಮಿಯಲ್ಲಿ ಮುಂಗಾರಿಗೆ ಬಿತ್ತಿದ ತೊಗರಿ ರಾಶಿಯಾಗಿ ಕೈಗೆ ಬರುವುದು ಡಿಸೆಂಬರ್, ಜನವರಿಗಳಲ್ಲಿ. ಕಂತಾದರೋ ವಾರವಾರವೂ ಬರುವಂಥದು. ಈ ಅಂತರವನ್ನು ಕೂಲಿಯಿಂದಲೋ, ಪುಣೆ, ಮುಂಬಯಿಗಳಿಗೆ ಗುಳೆ ಹೋದವರ ದುಡಿಮೆಯಿಂದಲೋ, ಮತ್ತೊಂದು ಸಂಸ್ಥೆಯ ಸಾಲದಿಂದಲೋ ತುಂಬಬೇಕಾಗುವುದು. ಒಬ್ಬಳ ಕಂತು ತಪ್ಪಿದರೆ ಉಳಿದವರು ತೆರಬೇಕಾದ ಕಾರಣ, ನೆರೆಹೊರೆಯ ವಿಶ್ವಾಸವೇ ವಸೂಲಾತಿಯ ಸಾಧನವಾಗಿ ಪರಿಣಮಿಸುವ ಸಂಭವವುಂಟು.

ನಿಯಂತ್ರಣ: 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನವು ಬಡ್ಡಿಯ ಮಿತಿಯನ್ನು ತೆಗೆದುಹಾಕಿತಾದರೂ, ಎಲ್ಲ ಸಾಲಗಳ ಮರುಪಾವತಿಯೂ ಸೇರಿ ಕುಟುಂಬದ ಮಾಸಿಕ ಆದಾಯದ ಅರ್ಧವನ್ನು ಮೀರಬಾರದೆಂದು ವಿಧಿಸಿತು. ಬಲವಂತದ ವಸೂಲಾತಿಗೆ ಹತ್ತು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುವ ಕರ್ನಾಟಕದ ಸುಗ್ರೀವಾಜ್ಞೆ 2025ರ ಫೆಬ್ರವರಿಯಲ್ಲಿ ಹೊರಟಿತು. ಸಾಲಗಾರರ ಅಗತ್ಯಕ್ಕೆ ತಕ್ಕಂತೆ ಕಂತಿನ ಅವಧಿಯನ್ನು ಸಡಿಲಿಸುವ ನೀತಿ ಇರತಕ್ಕದ್ದೆಂದು 2022ರ ನಿರ್ದೇಶನದಲ್ಲಿಯೇ ಹೇಳಿದೆ. ತೊಗರಿಯ ಸೀಮೆಗೆ ದಂಡನೆಗಿಂತಲೂ ಈ ವಿಧಿಯ ಪಾಲನೆಯೇ ಹೆಚ್ಚು ಹಿತಕರವೆನ್ನಬಹುದು.