ಕವರಿಗೆ ಬಂದ ತಲೆಲೆಕ್ಕ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಕೂಡುಮನೆಯ ಆಸ್ತಿಗೆ ದಾವೆ ಬಿತ್ತೆಂದರೆ ವಕೀಲರ ಬಾಯಲ್ಲಿ ಎರಡು ಲ್ಯಾಟಿನ್ ಮಾತು ಬಂದೇ ಬರುತ್ತವೆ: ‘ಪರ್ ಕ್ಯಾಪಿಟಾ’, ‘ಪರ್ ಸ್ಟರ್ಪೀಸ್’. ಮೊದಲನೆಯದು ತಲೆ ಎಣಿಸಿ ಹಂಚುವುದು; ಎರಡನೆಯದು ಬುಡ ಹಿಡಿದು, ಅಂದರೆ ಕವಲಿಗೆ ಇಷ್ಟೆಂದು ಹಂಚುವುದು. ಕ್ರಿ.ಶ. 533ರಲ್ಲಿ ಹೊರಬಂದ ಜಸ್ಟಿನಿಯನ್ ಚಕ್ರವರ್ತಿಯ ಕಾನೂನು ಪಾಠಪುಸ್ತಕದಲ್ಲೇ ಈ ಭೇದವಿದೆ. ಅಲ್ಲಿಂದ ಅದು ಯುರೋಪಿನ ಕಾನೂನಿಗೆ, ಇಂಗ್ಲಿಷಿಗೆ, ಕೊನೆಗೆ ನಮ್ಮ ಗದ್ದೆಯಂಚಿಗೂ ಬಂತು.

ಲೆಕ್ಕ ಮಾಡಿ ನೋಡೋಣ. ಅಜ್ಜಿ ತೀರಿಹೋಗಿದ್ದಾರೆ. ಹಿರಿಮಗಳಿಗೆ ನಾಲ್ಕು ಮಕ್ಕಳು, ಕಿರಿಮಗಳಿಗೆ ಒಂದೇ. ಗದ್ದೆ, ತೋಟ ಸೇರಿ ಏಳು ಎಕರೆ. ಬುಡದ ಲೆಕ್ಕದಲ್ಲಿ ಇಬ್ಬರು ಹೆಣ್ಣುಮಕ್ಕಳ ಕವಲಿಗೂ ಮೂರೂವರೆ ಎಕರೆ. ತಾಯಂದಿರೂ ಸೇರಿ ಏಳು ತಲೆ; ತಲೆಲೆಕ್ಕದಲ್ಲಿ ಹಿರಿಯವಳ ಕಡೆಗೆ ಐದು, ಕಿರಿಯವಳ ಕಡೆಗೆ ಎರಡು. ಜಾಗ ಅದೇ, ಜನ ಅವರೇ. ಒಂದೂವರೆ ಎಕರೆ ಆಚೀಚೆ ಆಗುವುದು ಆ ಎರಡು ಮಾತಿನ ಮೇಲೆ.

ಅಳಿಯಸಂತಾನದ ಮನೆತನಗಳಲ್ಲಿ ಬಹುಕಾಲ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಭೂತಾಳಪಾಂಡ್ಯನ ಕಟ್ಟು ಎಂದು ಐತಿಹ್ಯ ಹೇಳುವ ಈ ಪದ್ಧತಿಯಲ್ಲಿ ಆಸ್ತಿ ಕುಟುಂಬದ್ದು, ಸಂತತಿ ತಾಯಿಯ ಕಡೆಯಿಂದ. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು ಸೇರಿದರೆ ಒಂದು ಕವರು. ಯಜಮಾನ ಅಥವಾ ಯಜಮಾನ್ತಿ ನೋಡಿಕೊಳ್ಳಬೇಕು, ಉಳಿದವರು ಉಂಡುಟ್ಟು ಇರಬೇಕು. ಎಲ್ಲರೂ ಒಪ್ಪದೆ ಒಬ್ಬನೇ ಪಾಲು ಕೇಳುವಂತಿಲ್ಲ ಎಂದು ಮದ್ರಾಸ್ ಹೈಕೋರ್ಟ್ 1863ರಲ್ಲೇ ಹೇಳಿತ್ತು. ಆಗ ನಮ್ಮ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ದಾರಿ ತೆರೆಯಿತು. ಆದರೆ ಕೇಳುವ ಹಕ್ಕು ಕವರಿನದು, ಒಬ್ಬೊಬ್ಬರದಲ್ಲ. ಅದರಲ್ಲೂ ಐವತ್ತು ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಸಂತತಿ ಕವರು ಇರುವ ಕುಟುಂಬದಲ್ಲಿ ನಿಸ್ಸಂತತಿ ಕವರಿಗೆ ಸಿಗುತ್ತಿದ್ದದ್ದು ಬದುಕಿರುವ ತನಕದ ಹಕ್ಕು ಮಾತ್ರ. ಹೆಣ್ಣುಸಂತತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಮುದುಕರ ಕೈ ಕಟ್ಟಿದ್ದು ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ.

ನಿಜವಾದ ತಿರುವು 1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯದು. ಅದರ 7ನೇ ಕಲಮು ಅಳಿಯಸಂತಾನವನ್ನು ಹೆಸರು ಹಿಡಿದೇ ಹೇಳುತ್ತದೆ. ಪಾಲಾಗದ ಕುಟುಂಬದ ಸದಸ್ಯರೊಬ್ಬರು ತೀರಿಕೊಂಡರೆ, ಸಾಯುವ ಮುಂಚಿನ ಗಳಿಗೆಯಲ್ಲಿ ಬದುಕಿದ್ದವರ ನಡುವೆ ‘ಪರ್ ಕ್ಯಾಪಿಟಾ’ ಪಾಲಾಗಿತ್ತು ಎಂದೇ ತಿಳಿಯಬೇಕು. ಪಾಲು ಕೇಳುವ ಹಕ್ಕು ತೀರಿಕೊಂಡವರಿಗಿತ್ತೋ ಇಲ್ಲವೋ, ಅವರ ಪಾಲಿಗೆ ಬಂದದ್ದು ಪೂರ್ತಿ ಅವರದೇ. ನಮ್ಮ ಏಳು ಜನರ ಮನೆಯಲ್ಲಿ ಹಿರಿಮಗಳ ಗಂಡುಮಗ ತೀರಿಕೊಂಡ ಎನ್ನಿ: ಏಳರಲ್ಲೊಂದು ಪಾಲು ಅವನ ತಾಯಿ, ಹೆಂಡತಿ, ಮಕ್ಕಳಿಗೆ. ಅಪ್ಪನ ಮನೆಯ ಆಸ್ತಿ ಮಕ್ಕಳಿಗೆ ಮುಟ್ಟಿದ್ದು ಹೀಗೆ. ಇದನ್ನು ನಾನು ದೊಡ್ಡ ಸುಧಾರಣೆ ಎಂದೇ ನಂಬಿದ್ದೇನೆ.

ಅದೇ ಕಾಯ್ದೆಯ 19ನೇ ಕಲಮಿನಲ್ಲೂ ಎರಡು ಲ್ಯಾಟಿನ್ ಮಾತುಗಳು ಜೊತೆಯಾಗಿ ಬರುತ್ತವೆ: ಬೇರೆ ಹೇಳದಿದ್ದ ಕಡೆ ವಾರಸುದಾರರಿಗೆ ತಲೆಲೆಕ್ಕವೇ, ಬುಡದ ಲೆಕ್ಕವಲ್ಲ. ಹಾಗೆಂದು ಬುಡದ ಲೆಕ್ಕ ಅಳಿದಿಲ್ಲ. ಅಪ್ಪನಿಗಿಂತ ಮೊದಲೇ ಮಗ ತೀರಿಹೋಗಿದ್ದರೆ ಆ ಮಗನ ಹೆಂಡತಿ, ಮಕ್ಕಳೆಲ್ಲ ಸೇರಿ ಅವನ ಒಂದೇ ಪಾಲನ್ನು ಹಂಚಿಕೊಳ್ಳಬೇಕು.

ಕೋರ್ಟಿನ ಹೊರಗೆ ‘ಪರ್ ಕ್ಯಾಪಿಟಾ’ ಜನರಿಗೆ ಪರಿಚಯವಾದದ್ದು ಅರ್ಥಶಾಸ್ತ್ರದಿಂದ. 1867–68ರ ಭಾರತೀಯರ ವರಮಾನ ತಲಾ 20 ರೂಪಾಯಿ ಎಂದು ದಾದಾಭಾಯಿ ನವರೋಜಿ ಲೆಕ್ಕ ಹಾಕಿದ್ದರು. ಪತ್ರಿಕೆಗಳ ತಲಾ ಆದಾಯ ಆ ಜಾತಿಯದು: ಒಟ್ಟನ್ನು ತಲೆಯಿಂದ ಭಾಗಿಸಿದ ಸರಾಸರಿ, ಯಾರ ಕೈಗೂ ಬರುವುದಲ್ಲ. ವಿಭಾಗ ಪತ್ರದ ತಲೆಲೆಕ್ಕ ಹಾಗಲ್ಲ, ಪಹಣಿಯಲ್ಲಿ ಹೆಸರಾಗಿ ಕೂರುತ್ತದೆ. ಆದ್ದರಿಂದ ಪತ್ರ ಬರೆಯುವವರು ‘ತಲೆವಾರು’, ‘ಕವರುವಾರು’ ಎಂದು ಕನ್ನಡದಲ್ಲಿ ಬಿಡಿಸಿ, ಸಹಿಗೆ ಮುಂಚೆ ಮನೆಯ ಹೆಂಗಸರಿಗೆ ಓದಿ ಹೇಳಬೇಕು. ಇನ್ನೂ ಒಡೆಯದ ಕುಟುಂಬಗಳಲ್ಲಂತೂ 1956ರಿಂದೀಚಿನ ಒಂದೊಂದು ಸಾವಿನ ದಿನ ಯಾರ್ಯಾರು ಬದುಕಿದ್ದರು ಎಂದು ಎಣಿಸದೆ ಯಾರ ಪಾಲೂ ತೀರ್ಮಾನವಾಗದು. ಹಾಗಾಗಿ ಮೊದಲು ಬೇಕಾಗುವುದು ಹುಟ್ಟು, ಸಾವಿನ ತಾರೀಕು ಸರಿಯಾಗಿರುವ ವಂಶವೃಕ್ಷ.